ಎತ್ತು ಹಿಂದಕ್ಕೆ ಬರುವಷ್ಟು ಹೊತ್ತು

ಮಾನ್ಯ ಅಧ್ಯಕ್ಷರಾದ ಸಿದ್ದಮಲ್ಲಪ್ಪನವರೇ, ವಿನೋದ ಸಂಘದ ಕಾರ್ಯದರ್ಶಿಗಳೂ ಅದರ ಗ್ರಾಮಫೋನಿನ ಪಾಲಕರೂ ಆದ ಗಂಗಾಧರಪ್ಪನವರೇ, ನನಗೆ ವಿದ್ಯೆ ಕಲಿಸಲು ಬಹಳ ಪಾಡುಪಟ್ಟು ಕೊನೆಗೆ ಕೈಚೆಲ್ಲಿದ ಕಂಠಪ್ಪ ಮೇಷ್ಟ್ರೇ, ಚಾಪೆಯ ಮೇಲೆ ಕುಳಿತಿರುವ ತಾಯಂದಿರೇ, ಅವರ ನಡುವೆಯೇ ಇರುವ ನನ್ನ ಅಮ್ಮನವರೇ, ಬೆಂಚುಗಳ ಮೇಲೆ ಕುಳಿತಿರುವ ಹಿರಿಯರೇ, ಜಾಗ ಸಿಕ್ಕದೆ ಕಿಟಕಿಯ ಸರಳು ಹಿಡಿದು ನಿಂತಿರುವ ಗೆಳೆಯರೇ, ಕುರ್ಚಿ ಕೊಟ್ಟರೂ ಬೇಡವೆಂದು ಬಾಗಿಲ ಬಳಿಯೇ ನಿಂತಿರುವ ನನ್ನ ಅಪ್ಪನವರೇ, ಸಭಿಕರೇ,

ನನಗೆ ಬೇಗ ನುಡಿಸಲು ಬರುವುದಿಲ್ಲ.

ಇದನ್ನು ನಾನು ಬಹಳ ಕಾಲದಿಂದ ಮುಚ್ಚಿಟ್ಟುಕೊಂಡು ಬಂದಿದ್ದೇನೆ. ಮೈಸೂರಿನಲ್ಲಿ ಮುಚ್ಚಿಟ್ಟೆ, ಬೊಂಬಾಯಿಯಲ್ಲಿ ಮುಚ್ಚಿಟ್ಟೆ. ಈ ಸಲ ಊರಿಗೆ ಬಂದಮೇಲಂತೂ ಎರಡು ಕೈಯಲ್ಲೂ ಅದುಮಿ ಹಿಡಿದುಕೊಂಡಿದ್ದೆ. ಆದರೆ ಈಗ ತಾನೇ ಕಂಠಪ್ಪ ಮೇಷ್ಟ್ರು ಬಿನ್ನವತ್ತಳೆ ಓದಿದರು. ಅದರಲ್ಲಿ ನನ್ನನ್ನು ‘ಮಿಂಚಿನ ವೇಗದ ವಾದಕ’ ಎಂದು ಕರೆದಿದ್ದಾರೆ. ‘ಗಾಳಿಗೂ ಈತನ ಬೆರಳುಗಳ ಜೊತೆ ಓಡಲು ಸಾಧ್ಯವಿಲ್ಲ’ ಎಂದಿದ್ದಾರೆ. ನನ್ನ ಹಿಂದೆ ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಅದನ್ನೇ ಬರೆಸಿದ್ದೀರಿ. ಶಾಲು ಹೊದಿಸಿದ್ದೀರಿ. ಸೆಕೆಯಾಗುತ್ತಿದೆ. ಶಾಲಿನದೇ ಎಲ್ಲವೂ ಅಲ್ಲ, ಅರ್ಧ ಆ ಬಟ್ಟೆಯ ಮೇಲಿನ ಅಕ್ಷರಗಳದು.

ಹೀಗಿರುವಾಗ ಸುಮ್ಮನೆ ಕೈಮುಗಿದು, ಹಣ್ಣಿನ ಬುಟ್ಟಿ ಎತ್ತಿಕೊಂಡು ಇಳಿದುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಹುದಿತ್ತು. ಆದರೆ ಅಧ್ಯಕ್ಷರು ತಮ್ಮ ಭಾಷಣದ ಕೊನೆಯಲ್ಲಿ, ‘ಈಗ ನಮ್ಮ ಬೆಟ್ಟಸ್ವಾಮಿ ರೆಕಾರ್ಡಿನಲ್ಲಿರುವಷ್ಟೇ ಜೋರಾಗಿ, ಅಷ್ಟೇ ಬಿರ್ರನೆ ಒಂದು ನುಡಿಸಿ ತೋರಿಸುತ್ತಾರೆ’ ಎಂದುಬಿಟ್ಟರು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ. ಬಾಯಲ್ಲಿ ಹೇಗೋ ಹೇಳಿಯೇನು, ಸ್ಯಾಕ್ಸೋಫೋನಿನಲ್ಲಿ ಹೇಳಲು ಬರುವುದಿಲ್ಲ.

ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಿಧಾನವಾಗಿಯೇ ಹೇಳುತ್ತೇನೆ, ಬೇರೆ ದಾರಿಯಿಲ್ಲ.

ಈ ಶಾಲೆಯ ಹಾಲಿನಲ್ಲೇ ನಾನು ಮೂರನೇ ಕ್ಲಾಸಿನವರೆಗೆ ಓದಿದೆ. ಓದಿದೆ ಎನ್ನುವುದು ದೊಡ್ಡ ಮಾತಾಯಿತು, ಕುಳಿತಿದ್ದೆ. ಹೆಚ್ಚು ದಿನ ಆ ಮೂಲೆಯ ಬೆಂಚಿನ ಮೇಲೆ ನಿಂತಿದ್ದೆ. ಈಗ ಅದರ ಮೇಲೆ ಪಟೇಲರು ಕುಳಿತಿದ್ದಾರೆ. ಅವರಿಗಿಂತ ನನಗೆ ಆ ಬೆಂಚಿನ ಪರಿಚಯ ಜಾಸ್ತಿ. ಮೇಷ್ಟ್ರು ಮಗ್ಗಿ ಕೇಳಿದರೆ ಎಲ್ಲ ಹುಡುಗರೂ ಹದಿನಾರು ದಾಟಿ ಹೋಗಿರುತ್ತಿದ್ದರು, ನಾನು ಹನ್ನೆರಡರಲ್ಲಿ ಏನೋ ಚೆನ್ನಾಗಿದೆ ಎಂದು ಅಲ್ಲೇ ನಿಂತಿರುತ್ತಿದ್ದೆ. ಮೇಷ್ಟ್ರು ಹೊಡೆಯುತ್ತಿರಲಿಲ್ಲ. ನೊಂದುಕೊಳ್ಳುತ್ತಿದ್ದರು. ‘ಲೋ ಬೆಟ್ಟ, ನಿನ್ನ ತಲೇಲಿ ಎಲ್ಲಾ ಅದೆ ಕಣೋ, ಆದ್ರೆ ಹೊರಗೆ ಬರೋ ಹೊತ್ತಿಗೆ ಪರೀಕ್ಷೆ ಮುಗಿದಿರ್ತದೆ’ ಎನ್ನುತ್ತಿದ್ದರು. ಇವತ್ತು ಬಿನ್ನವತ್ತಳೆಯಲ್ಲಿ ನನ್ನನ್ನು ಈ ಶಾಲೆಯ ರತ್ನ ಎಂದಿದ್ದಾರೆ. ಮೇಷ್ಟ್ರೇ, ಹಳೆಯ ಮಾತೇ ಸರಿಯಾಗಿತ್ತು.

ಮನೆಯಲ್ಲಿ ಮಾತ್ರ ಮೇಷ್ಟ್ರಷ್ಟು ಮೃದುವಾಗಿ ಹೇಳುವವರಿರಲಿಲ್ಲ. ನಮ್ಮಪ್ಪ ಪುಟ್ಟಮಲ್ಲಪ್ಪನವರನ್ನು ನೀವೆಲ್ಲ ಬಲ್ಲಿರಿ. ಅವರು ನಡೆಯುವುದನ್ನು ಯಾರೂ ನೋಡಿಲ್ಲ, ಹೋದದ್ದನ್ನು ನೋಡಿರುತ್ತೀರಿ. ಹೊಗೆಸೊಪ್ಪು ಮುರಿಯುವುದಿರಲಿ, ಅದನ್ನು ಒಣಗಿಸುವ ಬ್ಯಾರನ್ನಿಗೆ ಕಟ್ಟುವುದಿರಲಿ, ಊಟವೇ ಇರಲಿ, ಬೇರೆಯವರು ಶುರುಮಾಡುವಷ್ಟರಲ್ಲಿ ಅವರದು ಮುಗಿದಿರುತ್ತದೆ. ಅಂಥವರಿಗೆ ನಾನು ಮಗನಾದೆ. ‘ಆಮೆಗಾದ್ರೂ ಎಲ್ಲಿಗೋ ಓಗ್ಬೇಕು ಅಂತ ಇರ್ತದೆ ಕಣ್ಲಾ, ನಿಂಗೇನದೆ?’ ಎಂದು ಕೇಳುತ್ತಿದ್ದರು. ನನಗೂ ಎಲ್ಲಿಗೋ ಹೋಗಬೇಕು ಎಂದಿತ್ತು. ಒಂದು ಕಡೆ ಕೂರಲಾಗುತ್ತಿರಲಿಲ್ಲ. ಆದರೆ ಎಲ್ಲಿಗೆ ಎಂದು ತಿಳಿಯಲು ನನ್ನ ಸ್ವಭಾವದಂತೆ ತಡವಾಯಿತು.

ಅಪ್ಪ ನಿಧಾನವಾಗಿ ಮಾಡುತ್ತಿದ್ದ ಕೆಲಸ ಇಡೀ ದಿನದಲ್ಲಿ ಒಂದೇ. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವುದು. ಈಗ ನಮ್ಮ ಬಾವಿಗೆ ಆಯಿಲ್ ಎಂಜಿನ್ ಬಂದಿದೆ, ದಬದಬ ಎಂದು ತೊಟ್ಟಿ ತುಂಬಿಸಿ ಸುಮ್ಮನಾಗುತ್ತದೆ. ಅಪ್ಪನಿಗೆ ಅದನ್ನು ಕಂಡರೆ ಬಹಳ ಪ್ರೀತಿ, ಮಕ್ಕಳೆಲ್ಲ ಹೀಗಿರಬೇಕಿತ್ತು ಎನ್ನುವಂತೆ ನೋಡುತ್ತಾರೆ. ಆದರೆ ಆಗ ಎತ್ತುಗಳಿದ್ದವು. ಎತ್ತಿಗೆ ಅವಸರ ಮಾಡಿದರೆ ಚರ್ಮದ ಬಾನಿ ಬಾವಿಯ ಗೋಡೆಗೆ ಬಡಿದು ನೀರೆಲ್ಲ ಚೆಲ್ಲುತ್ತದೆ. ಹಾಗಾಗಿ ನನಗೆ ಸಿಕ್ಕದ ತಾಳ್ಮೆ ಎತ್ತಿಗೆ ಸಿಕ್ಕಿತ್ತು. ಇಳಿಜಾರಿನಲ್ಲಿ ಎತ್ತು ಇಳಿಯುವಾಗ ಅಪ್ಪ ಹಗ್ಗದ ಮೇಲೆ ಕುಳಿತು ‘ಹೋ... ಬಾರಯ್ಯಾ...’ ಎಂದು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಬಾನಿ ಮೇಲೆ ಬಂದು ನೀರು ತೊಟ್ಟಿಗೆ ಬೀಳುವವರೆಗೂ ಆ ದನಿ ಇರುತ್ತಿತ್ತು. ಆಮೇಲೆ ದನಿ ನಿಲ್ಲುತ್ತಿತ್ತು. ಎತ್ತು ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ಮೇಲೆ ಬರಬೇಕಲ್ಲ, ಆಗ ನಾಲಿಗೆಯಲ್ಲಿ ‘ತ್ತ ತ್ತ ತ್ತ, ಹಿಂದ್ಕ್ ಹಿಂದ್ಕ್’ ಎಂದು ಮೆಲ್ಲಗೆ ಲೊಚಗುಟ್ಟುತ್ತಿದ್ದರು. ಅಷ್ಟೇ. ಮತ್ತೆ ‘ಹೋ...’ ಶುರು. ನಾನು ಅವರ ಹಿಂದೆ ಅದೇ ಹಗ್ಗದ ಮೇಲೆ ಕುಳಿತು ಇಳಿಯುತ್ತಿದ್ದೆ. ನನ್ನನ್ನು ಅವರು ಬೈಯದೆ ಇದ್ದ ಜಾಗ ಅದೊಂದೇ. ಬೈಯಲು ಬಾಯಿಗೆ ಬಿಡುವಿರಲಿಲ್ಲ.

ನಾನು ಏನನ್ನೋ ಹೇಳಲು ಹೋಗಿ ಎಲ್ಲಿಗೋ ಬಂದೆ. ಕ್ಷಮಿಸಬೇಕು. ಸ್ಯಾಕ್ಸೋಫೋನಿಗೆ ಬರುತ್ತೇನೆ.

ಶಾಲೆ ಬಿಟ್ಟು ಮೈಸೂರಿಗೆ ಓಡಿಹೋದೆ. ಬಿನ್ನವತ್ತಳೆಯಲ್ಲಿ ‘ಕಲೆಯ ಕರೆಗೆ ಓಗೊಟ್ಟು’ ಎಂದಿದೆ. ಯಾವ ಕಲೆಯೂ ಕರೆಯಲಿಲ್ಲ. ಬಸ್ಸು ನಿಂತಿತ್ತು, ಹತ್ತಿದೆ. ಅಲ್ಲಿ ಮದುವೆ ಬ್ಯಾಂಡ್ ಸೆಟ್ಟಿನವರೊಬ್ಬರು ಪೆಟ್ಟಿಗೆ ಹೊರಲು ಇಟ್ಟುಕೊಂಡರು. ಒಂದು ದಿನ ಪೆಟ್ಟಿಗೆ ತೆರೆದರೆ ಒಳಗೆ ಇದು. ಗಣಪತಿಯ ಸೊಂಡಿಲಿಗೆ ಹಿತ್ತಾಳೆ ಹೊದಿಸಿ ಮೈತುಂಬ ಗುಂಡಿ ಹೊಲಿದ ಹಾಗೆ ಕಂಡಿತು. ಊದಿದೆ. ಅದರಿಂದ ಬಂದ ಮೊದಲ ದನಿ, ತಾಯಂದಿರು ಮನ್ನಿಸಬೇಕು, ಕರು ಹಾಕಲಾರದ ಎಮ್ಮೆಯದು. ಆದರೂ ಬಿಡಲಿಲ್ಲ. ಕಲಿತೆ. ಎಷ್ಟು ಕಲಿತರೂ ಬೆರಳು ಓಡಲಿಲ್ಲ. ಉಸಿರು ಮಾತ್ರ ಉದ್ದವಿತ್ತು. ಮೆರವಣಿಗೆಯಲ್ಲಿ ಬ್ಯಾಂಡ್ ಮುಂದೆ ಹೋಗಿಬಿಡುತ್ತಿತ್ತು, ನಾನು ಹಿಂದೆ ಉಳಿಯುತ್ತಿದ್ದೆ. ಬ್ಯಾಂಡ್ ಮೇಷ್ಟ್ರು ಒಂದು ದಿನ ನಡುಬೀದಿಯಲ್ಲೇ ಕೂಗಿಕೊಂಡರು: ‘ಲೇ ಬೆಟ್ಟಾ, ಮದುವೆ ಗಂಡು ಛತ್ರ ಸೇರಿ ಪಾನಕ ಕುಡೀತಾವ್ನೆ, ನೀನಿನ್ನೂ ಎರಡನೇ ಚರಣದಲ್ಲಿದ್ದೀಯಲ್ಲೋ!’

ಅವರೇ ನನ್ನನ್ನು ಕೊಡಗಿನ ತೋಟದ ದೊರೆಗಳ ಕ್ಲಬ್ಬಿಗೆ ಕಳಿಸಿದರು. ‘ಅಲ್ಲಿ ಯಾರಿಗೂ ಎಲ್ಲಿಗೂ ಹೋಗೋದಿರಲ್ಲ, ಅಲ್ಲಿಗೆ ಸರಿ ನೀನು’ ಎಂದರು. ನಿಜ. ಅಲ್ಲಿ ಗಂಡಸರೂ ಹೆಂಗಸರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಲ್ಲಗೆ ನಿಂತಲ್ಲೇ ತಿರುಗುತ್ತಾರೆ. ನಿಧಾನವಾಗಿ ನುಡಿಸಿದಷ್ಟೂ ಅವರಿಗೆ ಸಂತೋಷ. ಅಮ್ಮಾ, ನಾನು ಕಣ್ಣು ಮುಚ್ಚಿಕೊಂಡೇ ನುಡಿಸುತ್ತಿದ್ದೆ. ಹೆಚ್ಚು ಹೊತ್ತು.

ಅಲ್ಲಿಗೆ ಪಿಯಾನೋ ನುಡಿಸಲು ಬಂದಿದ್ದವರು ಬ್ರಗಾಂಜಾ ಎಂಬುವರು, ಗೋವೆಯವರು. ಅವರು ನನ್ನನ್ನು ಬೊಂಬಾಯಿಗೆ ಕರೆದುಕೊಂಡು ಹೋದರು. ಒಂದು ಪಿಯಾನೋ, ಒಂದು ಡ್ರಮ್ಮು, ಆಳೆತ್ತರದ ಪಿಟೀಲಿನಂಥ ಬಾಸ್ ಒಂದು, ನಾನೊಬ್ಬ. ನಾಲ್ವರ ಮೇಳ. ನಾವು ನುಡಿಸುವುದಕ್ಕೆ ಜಾಝ್ ಎನ್ನುತ್ತಾರೆ. ಜಾಝ್ ಎಂದರೇನು? ನನ್ನನ್ನು ಈ ಊರಿನಲ್ಲಿ ಕೇಳದವರಿಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ. ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಮೊದಲು ಇದ್ದ ಹಾಗೇ ಹೇಳುವುದು. ಆಮೇಲೆ ಮನಸ್ಸು ಬಂದ ಕಡೆ ಅಲೆದುಕೊಂಡು ಬರುವುದು. ಕೊನೆಗೆ ಹೊರಟ ಮನೆಗೇ ವಾಪಸು ಬರುವುದು. ಅಲೆಯುವುದು ಯಾರಿಗಾದರೂ ಬರುತ್ತದೆ, ಮನೆ ಸೇರುವುದೇ ಕಷ್ಟ ಎನ್ನುತ್ತಿದ್ದರು ಬ್ರಗಾಂಜಾ. ಹಾಗೆ ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ಅವರ ಭಾಷೆಯಲ್ಲಿ ಸ್ಟ್ಯಾಂಡರ್ಡ್ ಎನ್ನುತ್ತಾರೆ. ನಮ್ಮ ಕಡೆ ದೇವರನಾಮ ಇಲ್ಲವೇ, ಎಲ್ಲರೂ ಹಾಡುತ್ತಾರೆ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತರಹ ಇರುತ್ತದೆ, ಹಾಗೆ. ಅಂಥ ಎಂಟು ಹಾಡುಗಳನ್ನು ನಾವು ನುಡಿಸಿದೆವು. ನಾಲ್ಕು ರೆಕಾರ್ಡು. ಫೋಟೋ ಅಂಟಿಸುವ ಪುಸ್ತಕದ ಹಾಗೆ ಹಾಳೆ ಹಾಳೆಗೂ ಒಂದು ಚೀಲ, ಚೀಲಕ್ಕೊಂದು ರೆಕಾರ್ಡು. ಅದೇ ಆಲ್ಬಂ.

ರಟ್ಟಿನ ಮೇಲೆ ನನ್ನ ಹೆಸರು ‘ಬಿ. ಸ್ವಾಮಿ’ ಎಂದು ಅಚ್ಚಾಯಿತು. ಮೈಸೂರಿನ ಅಂಗಡಿಯವರು ಅದನ್ನು ಭಜನೆಯ ರೆಕಾರ್ಡುಗಳ ಜೊತೆ ಇಟ್ಟಿದ್ದರಂತೆ. ನಮ್ಮ ಗಂಗಾಧರಪ್ಪನವರು ಯಾರೋ ಸ್ವಾಮಿಗಳದೆಂದು ಭಕ್ತಿಯಿಂದ ಕೊಂಡು, ಮನೆಗೆ ಬಂದು ರಟ್ಟು ತಿರುಗಿಸಿದರೆ ಹಿಂಬದಿಯಲ್ಲಿ ನನ್ನ ಫೋಟೋ. ಅವರಿಗಾದ ನಿರಾಶೆಯನ್ನು ಅವರು ಇವತ್ತಿಗೂ ಹೊರಗೆ ತೋರಿಸಿಲ್ಲ. ದೊಡ್ಡವರು.

ಈಗ ಗ್ರಾಮಫೋನಿನ ವಿಚಾರ. ಗಂಗಾಧರಪ್ಪನವರೇ, ನಾನು ನಿಮ್ಮನ್ನು ಆಡಿಕೊಳ್ಳುತ್ತಿಲ್ಲ. ಆಡಿಕೊಳ್ಳುವುದಾದರೆ ನನ್ನನ್ನೇ ಆಡಿಕೊಳ್ಳಬೇಕು.

ಸಂಘದ ಗ್ರಾಮಫೋನಿನ ಸ್ಪ್ರಿಂಗು ಹಿಂದೊಮ್ಮೆ ಮುರಿದಿದ್ದು ನಿಮಗೆಲ್ಲ ನೆನಪಿದೆ. ಮೈಸೂರಿಗೆ ಹೋದದ್ದು ಮಳೆಗಾಲವೆಲ್ಲ ಅಲ್ಲೇ ಕಳೆದು ಬಂತು. ಊರೆಲ್ಲ ಮೂಕವಾಗಿತ್ತು ಎನ್ನುತ್ತಾರೆ. ಅಂದಿನಿಂದ ಗಂಗಾಧರಪ್ಪನವರು ಆ ಸ್ಪ್ರಿಂಗನ್ನು ಬಾಣಂತಿಯ ಹಾಗೆ ನೋಡಿಕೊಂಡಿದ್ದಾರೆ. ಪೆಟ್ಟಿಗೆಯ ಮೇಲೆ ಒಂದು ಪುಟ್ಟ ಕಡ್ಡಿ ಇದೆ. ಈ ಕಡೆ ತಳ್ಳಿದರೆ ರೆಕಾರ್ಡು ನಿಧಾನ ತಿರುಗುತ್ತದೆ, ಆ ಕಡೆ ತಳ್ಳಿದರೆ ಜೋರಾಗಿ ತಿರುಗುತ್ತದೆ. ಗಂಗಾಧರಪ್ಪನವರು ಅದನ್ನು ಆ ಕಡೆಗೆ, ಇನ್ನು ಹೋಗಲಾರದು ಎನ್ನುವಷ್ಟು ಆ ಕಡೆಗೆ ತಳ್ಳಿ, ಹುಡುಗರು ಮುಟ್ಟದಿರಲಿ ಎಂದು ದಾರದಿಂದ ಬಿಗಿದು ಕಟ್ಟಿದ್ದಾರೆ. ಯಾಕೆ ಎಂದು ಮೊನ್ನೆ ಕೇಳಿದೆ. ‘ಬಿರ್ರನೆ ತಿರುಗಿದ್ರೆ ಬಿರ್ರನೆ ಮುಗೀತದೆ ಕಣಪ್ಪ. ಸ್ಪ್ರಿಂಗಿಗೆ ಆಯಾಸ ಇರಲ್ಲ’ ಎಂದರು. ಎಷ್ಟು ಬೇಗ ತಿರುಗಿದರೂ ಸುತ್ತು ಅಷ್ಟೇ ಅಲ್ಲವೇ ಎಂದೆ. ‘ಅದು ಲೆಕ್ಕ. ಇದು ಅನುಭವ’ ಎಂದರು. ಲೆಕ್ಕದಲ್ಲಿ ನಾನು ಎಂಥವನು ಎಂದು ಕಂಠಪ್ಪ ಮೇಷ್ಟ್ರಿಗೆ ಗೊತ್ತು.

ಸಭಿಕರೇ, ಇದರ ಅರ್ಥವೇನು? ಈ ಊರಿನಲ್ಲಿ ನೀವು ಇಷ್ಟು ವರ್ಷ ಕೇಳಿದ ಎಲ್ಲ ಹಾಡನ್ನೂ ಓಟದಲ್ಲಿ ಕೇಳಿದ್ದೀರಿ. ದಪ್ಪ ದನಿಯ ಭಾಗವತರು ನಿಮ್ಮ ಪಾಲಿಗೆ ಎಳೆಯ ಹುಡುಗರಾಗಿದ್ದಾರೆ. ಹೋದ ವರ್ಷ ಗಣಪತಿ ಉತ್ಸವಕ್ಕೆ ಮೈಸೂರಿನಿಂದ ವಿದ್ವಾಂಸರು ಬಂದು ಹಾಡಿದರಂತೆ. ‘ಪಾಪ, ಉಬ್ಬಸ ಇರ್ಬೇಕು, ಎಳೀತಾವ್ರೆ’ ಎಂದು ನೀವು ಅವರಿಗೆ ಶುಂಠಿ ಕಷಾಯ ಮಾಡಿಸಿ ಕೊಟ್ಟಿರಂತೆ. ಅವರು ಕುಡಿದರಂತೆ. ಅವರಿಗೆ ಯಾವ ಉಬ್ಬಸವೂ ಇರಲಿಲ್ಲ. ಉಬ್ಬಸ ನಮ್ಮ ಪೆಟ್ಟಿಗೆಯದು.

ನನ್ನ ಗತಿಯೂ ಅದೇ ಆಯಿತು. ಈ ಸಲ ಬಸ್ಸಿಳಿದಾಗ ಸಂಘದ ಕಡೆಯಿಂದ ವಾಲಗ ಕೇಳಿಸುತ್ತಿತ್ತು. ಬಹಳ ಚುರುಕು ವಾಲಗ, ಧಾರೆ ಎರೆಯುವ ಹೊತ್ತಿಗೆ ನುಡಿಸುತ್ತಾರಲ್ಲ, ಹಾಗೆ. ಟೀ ಅಂಗಡಿ ಹುಚ್ಚಯ್ಯನವರನ್ನು ಕೇಳಿದೆ: ‘ಯಾರ ಮದುವೆ ಹುಚ್ಚಯ್ಯಣ್ಣಾ?’ ಅವರು ಲೋಟ ಅಲ್ಲೇ ಇಟ್ಟು ನನ್ನ ಮುಖ ನೋಡಿದರು. ‘ನಿಂದೇ ಕಣ್ಲಾ ಅದು!’ ಎಂದರು. ಇಳಿಸಿದ್ದ ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡೆ. ಮನೆಯವರು ಹೇಳದೆ ಕೇಳದೆ ಎಲ್ಲ ಗೊತ್ತುಮಾಡಿಬಿಟ್ಟರೇ, ಹುಡುಗಿ ಯಾರೋ, ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೋ ಎಂದು ನೋಡುತ್ತಿದ್ದೆ. ‘ಮದುವೆ ಅಲ್ಲ ಕಣೋ, ಆ ಊದ್ತಿರೋದು! ನಿನ್ನ ರೆಕಾರ್ಡು. ಏನ್ ಊದಿದ್ದೀಯಪ್ಪಾ, ಕೇಳ್ತಾ ಟೀ ಸೋಸಿದ್ರೆ ಕೈ ತಾನೇ ಓಡ್ತದೆ!’ ಎಂದರು.

ನನ್ನದನ್ನೇ ನಾನು ಗುರುತಿಸಲಿಲ್ಲ. ಹೆತ್ತ ಮಗು ಬೀದಿಯಲ್ಲಿ ಹೋದರೆ, ‘ಯಾರ ಮಗುವೋ, ಚುರುಕಾಗಿದೆ’ ಎಂದ ಹಾಗಾಯಿತು.

ಅವತ್ತೇ ಹೋಗಿ ಹೇಳಬೇಕಿತ್ತು. ದಾರ ಬಿಚ್ಚಿಸಬೇಕಿತ್ತು. ಹೇಳಲೆಂದೇ ಸಂಘದ ಮೆಟ್ಟಿಲ ತನಕ ಹೋದೆ. ಆಮೇಲೆ, ಮೊದಲು ಮನೆಗೆ ಹೋಗಿ ಬರೋಣ ಎಂದು ಹೋದೆ. ಅಲ್ಲಿ ಆದದ್ದನ್ನು ಹೇಳಿದರೆ ನಾನು ಯಾಕೆ ಬಾಯಿ ಮುಚ್ಚಿಕೊಂಡೆ ಎಂಬುದು ನಿಮಗೇ ತಿಳಿಯುತ್ತದೆ.

ನಮ್ಮದು ಲಿಂಗ ಕಟ್ಟಿದ ಮನೆ. ಬಾಯಿಟ್ಟ ವಸ್ತು ಅಡುಗೆಮನೆಗೆ ಬರುವ ಹಾಗಿಲ್ಲ. ನಾನು ಊದುತ್ತಿರುವುದು ಎಂಥದು? ಹಿಂದೆ ಯಾರು ಯಾರು ಬಾಯಿಟ್ಟಿದ್ದರೋ, ಯಾವ ದೇಶದವರೋ, ಏನು ತಿಂದವರೋ. ಬ್ಯಾಂಡ್ ಸೆಟ್ಟಿಗೆ ಸೇರಿ ಮೊದಲ ಸಲ ಮನೆಗೆ ಬಂದಾಗ ಅಪ್ಪ ಒಂದೇ ಮಾತು ಹೇಳಿದರು. ನನಗೆ ಹೇಳಲಿಲ್ಲ, ಅಮ್ಮನಿಗೆ ಹೇಳಿದರು: ‘ಕಂಡೋರ ಎಂಜಲು ಊದೋನ ತಟ್ಟೆ ಒಳೀಕೆ ಬರಂಗಿಲ್ಲ.’ ಅಂದಿನಿಂದ ನನ್ನ ತಟ್ಟೆ ಜಗಲಿಯ ಮೇಲೆ. ಬಂದಾಗಲೆಲ್ಲ ಜಗಲಿಯ ಮೇಲೆ. ನಮ್ಮಮ್ಮ ಶಿವರುದ್ರಮ್ಮನವರು ಅದನ್ನು ಮೀರಲಿಲ್ಲ. ಆದರೆ ಒಳಗೆ ಬಡಿಸುವ ತುಪ್ಪಕ್ಕೂ ಜಗಲಿಯ ಮೇಲೆ ಬಡಿಸುವ ತುಪ್ಪಕ್ಕೂ ಬಹಳ ವ್ಯತ್ಯಾಸವಿತ್ತು. ತುಪ್ಪದ ದೃಷ್ಟಿಯಿಂದ ನೋಡಿದರೆ ನನಗೆ ಅನ್ಯಾಯವೇನೂ ಆಗಿಲ್ಲ. ಬೀದಿನಾಯಿಗಳ ಪರಿಚಯವೂ ಚೆನ್ನಾಗಾಯಿತು. ಮಳೆ ಬಂದರೆ ಮಾತ್ರ ಸಾರು ನೀರಾಗುತ್ತಿತ್ತು.

ಅಪ್ಪ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಹೊಗೆಸೊಪ್ಪಿನ ರೇಟು, ಎಂಜಿನ್ನಿನ ಎಣ್ಣೆ, ಎಲ್ಲ ಮಾತಾಡುತ್ತಿದ್ದರು. ಬಾಗಿಲ ಆ ಕಡೆಯಿಂದ. ನಾನು ಈ ಕಡೆಯಿಂದ ಹೂಂ ಎನ್ನುತ್ತಿದ್ದೆ.

ಈ ಸಲ ಜಗಲಿಯ ಮೇಲೆ ಕೂರಲು ಹೋದೆ. ಅಮ್ಮ ಹೊರಗೆ ಬಂದು, ‘ಏಳು ಮಗ, ಒಳೀಕ್ ಬಾ’ ಎಂದರು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಎಂಜಿನ್ನಿನ ಕಡೆ ನೋಡುತ್ತಿದ್ದರು. ಒಳಗೆ ನನ್ನ ತಟ್ಟೆ ಅಪ್ಪನ ತಟ್ಟೆಯ ಪಕ್ಕದಲ್ಲಿತ್ತು.

ಏನಾಗಿತ್ತೆಂದು ಅಮ್ಮ ಆಮೇಲೆ ಹೇಳಿದರು. ಗಂಗಾಧರಪ್ಪನವರು ಒಂದು ಸಂತೆಯ ದಿನ ಅಪ್ಪನನ್ನು ಕರೆದು ರೆಕಾರ್ಡು ಕೇಳಿಸಿದರಂತೆ. ಅಪ್ಪ ಒಳಗೆ ಹೋಗದೆ ಕಿಟಕಿಯಾಚೆ ನಿಂತು ಎಂಟೂ ಹಾಡು ಕೇಳಿದರಂತೆ. ನಿಂತರು ಎಂಬುದೇ ಊರಿಗೆಲ್ಲ ಸುದ್ದಿಯಾಯಿತಂತೆ. ಮನೆಗೆ ಬಂದು, ‘ಏನ್ ಓಟ ಕಣೆ ಅದು! ನಮ್ಮ ಎಂಜಿನ್ನೇ ಅಂಗೆ ಓಡಲ್ಲ. ಸೋಮಾರಿ ಅಂದ್ಕೊಂಡಿದ್ನಲ್ಲ ನಾನು’ ಎಂದರಂತೆ. ಕೈಕಾಲು ತೊಳೆದು ಬಂದು, ‘ಅಷ್ಟು ಬಿರ್ರನೆ ಊದೋನ್ಗೆ ಎಂಜಲು ಬೀಳಾಕೆ ಪುರುಸೊತ್ತೆಲ್ಲಿ? ತಟ್ಟೆ ಒಳೀಕ್ ಇಡು’ ಎಂದರಂತೆ.

ಈಗ ಹೇಳಿ. ನಾನು ಏನು ಮಾಡಬೇಕಿತ್ತು? ಅಪ್ಪಾ, ಅದು ಓಟವಲ್ಲ, ದಾರ ಎನ್ನಬೇಕಿತ್ತೇ? ನಿಮ್ಮ ಮಗ ಈಗಲೂ ಅದೇ ಆಮೆ ಎನ್ನಬೇಕಿತ್ತೇ? ಅಪ್ಪನ ಪಕ್ಕ ಕುಳಿತು ಮುದ್ದೆ ಮುರಿದೆ. ಅವರದು ನನಗಿಂತ ಮುಂಚೆ ಮುಗಿಯಿತು. ಮುಗಿದರೂ ಅವರು ಏಳಲಿಲ್ಲ. ನನ್ನದು ಮುಗಿಯುವವರೆಗೆ ಕೈ ಒಣಗಿಸಿಕೊಂಡು ಕುಳಿತಿದ್ದರು. ಅದನ್ನು ನೋಡಿದ ಮೇಲೆ ಹೇಳಬೇಕಾದ್ದನ್ನು ಮುದ್ದೆಯ ಜೊತೆ ನುಂಗಿಕೊಂಡೆ. ಮರುದಿನ ಹೇಳೋಣ ಎಂದುಕೊಂಡೆ. ಮರುದಿನವೂ ಊಟ ಇತ್ತು. ಹೀಗೇ ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ, ರಾತ್ರಿ ಅನ್ನ ಎಂದು ಸುಳ್ಳನ್ನು ತಿಂದುಕೊಂಡು ಇವತ್ತಿನವರೆಗೆ ಬಂದೆ. ರುಚಿಯಾಗಿತ್ತು. ತುಪ್ಪ ಕಡಿಮೆಯಾಗಿತ್ತು, ಅದು ಬೇರೆ ಮಾತು.

ಇವತ್ತು ನನ್ನ ಕೈಯಲ್ಲಿ ಸ್ಯಾಕ್ಸೋಫೋನು ಕೊಟ್ಟು ನುಡಿಸು ಎಂದಿದ್ದೀರಿ. ನುಡಿಸಿದರೆ ಗೊತ್ತಾಗಿಬಿಡುತ್ತದೆ. ಹಾಗೆ ಗೊತ್ತಾಗುವುದಕ್ಕಿಂತ ಮೊದಲೇ ಹೇಳುವುದು ವಾಸಿ ಎಂದು ಹೇಳಿದ್ದೇನೆ. ಅಪ್ಪಾ, ಕೇಳಿಸಿತಲ್ಲ? ಬಾಗಿಲ ಬಳಿಗೂ ಕೇಳುವ ಹಾಗೆ ಹೇಳಿದ್ದೇನೆ.

ಒಂದು ಸಂಗತಿ ಉಳಿಯಿತು, ಅದನ್ನು ಹೇಳಿ ನುಡಿಸುತ್ತೇನೆ. ಆಲ್ಬಮ್ಮಿನ ಕೊನೆಯ ಹಾಡು ಬಹಳ ನಿಧಾನದ್ದು. ನೀವು ಅದನ್ನು ಕೇಳಿ ತೊಡೆ ತಟ್ಟಿದ್ದೀರಿ ಎಂದು ಕೇಳಿದೆ. ಅದು ಯಾರೋ ಊರು ಬಿಟ್ಟು ಹೋದವರನ್ನು ನೆನೆಯುವ ಹಾಡಂತೆ. ಬ್ರಗಾಂಜಾ ಅವರು ಪ್ರತಿ ಹಾಡಿಗೂ ಮಾತು ತಿಳಿದುಕೊಂಡೇ ನುಡಿಸಬೇಕು ಎನ್ನುವವರು. ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದೆ. ನಡುವೆ ಎಷ್ಟು ಚೆಲ್ಲಿತೋ ಗೊತ್ತಿಲ್ಲ. ರೆಕಾರ್ಡಿಗೆ ಮುಂಚೆ ಅಭ್ಯಾಸ ಮಾಡುವಾಗ ಅವರು ಪಿಯಾನೋ ನಿಲ್ಲಿಸಿ ಕೇಳಿದರು: ‘ಸಾಲು ಸಾಲಿಗೂ ಯಾಕೆ ನಿಲ್ಲುತ್ತೀ? ಉಸಿರು ಸಾಲದೇ?’ ಉಸಿರು ಇದೆ ಎಂದೆ. ‘ಮತ್ತೆ ಏನು ಕಾಯುತ್ತಿದ್ದೀ?’ ನನ್ನ ಬಾಯಿಂದ ನಿಜ ಬಂದುಬಿಟ್ಟಿತು. ‘ಎತ್ತು ಹಿಂದಕ್ಕೆ ಬರಬೇಕು’ ಎಂದೆ. ಡ್ರಮ್ಮಿನವನು ಕುರ್ಚಿಯಿಂದ ಬೀಳುವಷ್ಟು ನಕ್ಕ. ಬ್ರಗಾಂಜಾ ನಗಲಿಲ್ಲ. ಯಾವ ಎತ್ತು ಎಂದು ಕೇಳಲೂ ಇಲ್ಲ. ಉಳಿದಿಬ್ಬರ ಕಡೆ ತಿರುಗಿ, ‘ಆ ಜಾಗದಲ್ಲಿ ಯಾರೂ ಏನೂ ನುಡಿಸಬೇಡಿ. ಎತ್ತು ಬರಲಿ’ ಎಂದರು.

ನಮ್ಮ ಗ್ರಾಮಫೋನಿನಲ್ಲಿ ಆ ಜಾಗ ಬಿಕ್ಕಳಿಕೆಯ ಹಾಗೆ ಕೇಳಿಸುತ್ತದೆ. ಅದು ಬಿಕ್ಕಳಿಕೆಯಲ್ಲ.

ಈಗ ನುಡಿಸುತ್ತೇನೆ. ಪಿಯಾನೋ ಇಲ್ಲ, ಬಾಸಿಲ್ಲ, ಡ್ರಮ್ಮಿಲ್ಲ. ಯಾರೂ ದಯವಿಟ್ಟು ಕಷಾಯಕ್ಕೆ ಏಳಬೇಡಿ.

*

ನುಡಿಸಿದ್ದು ಮುಗಿಯಿತು. ಹಾಡು ಅಷ್ಟೇ. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ನೀವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಬೇಕಾಗಿಲ್ಲ, ಕೂತುಕೊಳ್ಳಿ. ಅಧ್ಯಕ್ಷರಿಗೆ ನಿದ್ದೆ ಬಂದಿತ್ತು, ಅದೂ ತಪ್ಪಲ್ಲ. ನಿಧಾನದ ಹಾಡಿಗೆ ಅದೊಂದು ಗುಣ.

ಮೂರನೇ ಸಾಲು ಮುಗಿಸಿ ನಾನು ನಿಂತಾಗ ಬಾಗಿಲ ಕಡೆಯಿಂದ ಒಂದು ಸದ್ದು ಬಂತು. ಎಲ್ಲರೂ ತಿರುಗಿ ನೋಡಿದಿರಿ. ‘ತ್ತ ತ್ತ ತ್ತ, ಹಿಂದ್ಕ್ ಹಿಂದ್ಕ್’ ಎಂದು. ಕೆಲವರು ನಕ್ಕಿರಿ. ನಗಬಾರದಿತ್ತು ಎನ್ನುವುದಿಲ್ಲ, ತುಂಬಿದ ಸಭೆಯಲ್ಲಿ ಎತ್ತಿಲ್ಲದೆ ಎತ್ತು ಕರೆದರೆ ಯಾರಿಗಾದರೂ ನಗು ಬರುತ್ತದೆ. ನನಗೂ ಬಂತು. ನಾಲ್ಕನೇ ಸಾಲು ಒಡೆದದ್ದು ಅದಕ್ಕೇ. ಹಿತ್ತಾಳೆ ವಾದ್ಯ, ಸೆಕೆಗೂ ಹಾಗಾಗುತ್ತದೆ.

ಅವರು ಬೇಕೆಂದು ಮಾಡಿದ್ದಲ್ಲ. ನಾನು ನೋಡುತ್ತಿದ್ದೆನಲ್ಲ. ಬಾಯಿಂದ ಬಂದಮೇಲೆ ಅವರಿಗೇ ಗೊತ್ತಾಯಿತು. ಟವಲ್ಲಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ನಾನು ನಾಲ್ಕನೇ ಸಾಲಿಗೆ ಕಣ್ಣು ಮುಚ್ಚಿದೆ, ತೆರೆದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಹೋದದ್ದನ್ನು ಯಾರಾದರೂ ನೋಡಿದಿರಾ? ಇಲ್ಲ. ಅವರು ಹಾಗೆಯೇ.

ಕೋಪದಿಂದ ಹೋದರೋ, ನಾಚಿಕೆಯಿಂದ ಹೋದರೋ ನನಗೆ ತಿಳಿಯದು. ಅಮ್ಮಾ, ರಾತ್ರಿ ತಟ್ಟೆ ಎಲ್ಲಿ ಇಡುತ್ತೀ ಎಂದು ಇಷ್ಟು ಜನರ ಮುಂದೆ ನಿನ್ನನ್ನು ಕೇಳುವುದಿಲ್ಲ. ಎಲ್ಲಿಟ್ಟರೂ ಉಣ್ಣುತ್ತೇನೆ. ನಿಧಾನವಾಗಿ ಉಣ್ಣುತ್ತೇನೆ.

ಬಾಗಿಲ ಪಕ್ಕದ ಕಿಟಕಿಗೆ ಅಪ್ಪನ ಕೊಡೆ ನೇತಾಡುತ್ತಿದೆ, ಮರೆತು ಹೋಗಿದ್ದಾರೆ. ಅದನ್ನು ಯಾರೂ ಮುಟ್ಟಬೇಡಿ, ನಾನೇ ತೆಗೆದುಕೊಂಡು ಹೋಗುತ್ತೇನೆ.

ಗಂಗಾಧರಪ್ಪನವರೇ, ಆ ದಾರ ಬಿಚ್ಚುವುದು ಬಿಡುವುದು ಸಂಘಕ್ಕೆ ಸೇರಿದ್ದು, ನಾನು ಏನೂ ಹೇಳುವುದಿಲ್ಲ. ಶಾಲನ್ನು ಮಡಿಸಿ ಇಲ್ಲಿಟ್ಟಿದ್ದೇನೆ. ಬೇಗ ನುಡಿಸುವವರು ಯಾರಾದರೂ ಬಂದರೆ ಅವರಿಗೆ ಹೊದಿಸಿ. ಹಣ್ಣಿನ ಬುಟ್ಟಿ ಮಾತ್ರ ಇಟ್ಟುಕೊಳ್ಳುತ್ತೇನೆ, ಅಷ್ಟು ಊದಿದ್ದೇನೆ. ಇಷ್ಟು ಹೊತ್ತು ನನ್ನ ನಿಧಾನವನ್ನು ಸಹಿಸಿದ ಅಧ್ಯಕ್ಷರಿಗೆ, ಮೇಷ್ಟ್ರಿಗೆ, ತಾಯಂದಿರಿಗೆ, ಕಿಟಕಿಯ ಗೆಳೆಯರಿಗೆ, ನಕ್ಕವರಿಗೆ, ನಗದೆ ಇದ್ದವರಿಗೆ, ಎಲ್ಲರಿಗೂ ನಾನು ಋಣಿ. ನಮಸ್ಕಾರ.

ನಾಳೆ ಬೆಳಗಿನ ಮೈಸೂರು ಬಸ್ಸಿಗೆ ನಾನು ಹೊರಡುತ್ತೇನೆ.